ನಡುಗೆರೆಯ ಈಚೆ

ಮಾರ್ಲಿಸ್ ಓಲ್ಟಾಫ್ ಒಂದೇ ಆಟದಲ್ಲಿ ಎಪ್ಪತ್ತನಾಲ್ಕು ಅಂಕ ಗಳಿಸಿದ ದಿನ ಅವಳ ಅಕ್ಕ ವೆರ್ಲಾ ಅದೇ ಅಂಕಣದಲ್ಲಿ, ಅದೇ ತಂಡದಲ್ಲಿ, ಅದೇ ಕೆಂಪು ಅಂಗಿ ತೊಟ್ಟು ಆಡುತ್ತಿದ್ದಳು. ಆದರೂ ಆ ಎಪ್ಪತ್ತನಾಲ್ಕರಲ್ಲಿ ಒಂದು ಅಂಕ ಬಿದ್ದಾಗಲೂ ಅವಳು ತಂಗಿಯ ಹತ್ತಿರ ಇರಲಿಲ್ಲ. ಹತ್ತಿರ ಹೋಗಲು ನಿಯಮವೇ ಬಿಡುತ್ತಿರಲಿಲ್ಲ.

ಆಯೋವಾ ರಾಜ್ಯದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಆಗ ಹಾಗಿತ್ತು. ತಂಡಕ್ಕೆ ಆರು ಜನ. ಅಂಕಣದ ನಡುವೆ ಅಡ್ಡಲಾಗಿ ಒಂದು ಗೆರೆ. ಮೂವರು ಫಾರ್ವರ್ಡ್‌ಗಳು ಗೆರೆಯ ಆಚೆ. ಚೆಂಡನ್ನು ಬುಟ್ಟಿಗೆ ಹಾಕುವುದೊಂದೇ ಅವರ ಕೆಲಸ. ಮೂವರು ಗಾರ್ಡ್‌ಗಳು ಈಚೆ. ಎದುರಾಳಿಗಳು ಹಾಕದಂತೆ ತಡೆಯುವುದೊಂದೇ ಇವರ ಕೆಲಸ. ಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಪುಟಿಸುವಂತಿಲ್ಲ. ಒಬ್ಬಳು ಕೈಯಲ್ಲಿ ಭದ್ರವಾಗಿ ಹಿಡಿದ ಚೆಂಡನ್ನು ಇನ್ನೊಬ್ಬಳು ಕಿತ್ತುಕೊಳ್ಳುವಂತಿಲ್ಲ. ಚೆಂಡು ಒಂದು ಕಡೆ ಇದ್ದಷ್ಟು ಹೊತ್ತು ಇನ್ನೊಂದು ಕಡೆಯ ಹುಡುಗಿಯರು ಗೆರೆಗೆ ಬೂಟಿನ ತುದಿ ತಾಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಲ್ಲಬೇಕು. ವೆರ್ಲಾ ಒಮ್ಮೆ ಗಡಿಯಾರ ಹಿಡಿದವರನ್ನು ಕೇಳಿ ಲೆಕ್ಕ ಹಾಕಿದ್ದಳು. ಮೂವತ್ತೆರಡು ನಿಮಿಷದ ಆಟದಲ್ಲಿ ಅವಳು ಆಡಿದ್ದು ಹದಿನೈದು ನಿಮಿಷ, ನಿಂತು ನೋಡಿದ್ದು ಹದಿನೇಳು.

ಅವಳು ಗಾರ್ಡ್ ಆಗಬೇಕೆಂದು ತೀರ್ಮಾನವಾದದ್ದು ಏಳನೇ ತರಗತಿಯ ಒಂದು ಸೋಮವಾರ, ಹತ್ತು ನಿಮಿಷದೊಳಗೆ. ಲೀರ್‌ಗ್ರೋವ್ ಶಾಲೆಯ ಕೋಚ್ ಮಿಸ್ಟರ್ ಕ್ರೂಸ್ ಹುಡುಗಿಯರನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿ, "ಎತ್ತರ ಇರೋರು, ಕೈ ಮೆತ್ತಗಿರೋರು ಆ ಕಡೆ ಹೋಗಿ. ಗಿಡ್ಡ ಇರೋರು, ಹಟಮಾರಿಗಳು ಈ ಕಡೆ ಬನ್ನಿ" ಎಂದಿದ್ದರು. ವೆರ್ಲಾಳ ಎತ್ತರ ಐದು ಅಡಿ ಮೂರು ಇಂಚು. ಮರುವರ್ಷ ಅದೇ ಗೋಡೆಗೆ ಒರಗಿ ನಿಂತ ಮಾರ್ಲಿಸ್ ಹನ್ನೆರಡನೇ ವಯಸ್ಸಿಗೇ ಐದು ಅಡಿ ಎಂಟು ಇಂಚು. ಅವಳನ್ನು ಆ ಕಡೆಗೆ ಕಳಿಸಲು ಮಿಸ್ಟರ್ ಕ್ರೂಸ್ ಬಾಯಿ ತೆರೆಯಲೂ ಇಲ್ಲ, ಬೆರಳು ತೋರಿಸಿದರು ಅಷ್ಟೆ.

ಮಾರ್ಲಿಸ್ ಕಲಿತದ್ದು ಶಾಲೆಯಲ್ಲಲ್ಲ, ಮನೆಯ ಹುಲ್ಲಟ್ಟದಲ್ಲಿ. ಅಪ್ಪ ಹಾರ್ಮ್ ಓಲ್ಟಾಫ್ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ ಒಣಹುಲ್ಲಿನ ಪೆಂಡಿಗಳನ್ನು ಒಂದು ಬದಿಗೆ ಪೇರಿಸಿ, ಗೋಡೆಗೆ ಒಂದು ರಿಂಗ್ ಬಡಿದುಕೊಟ್ಟಿದ್ದ. ರಿಂಗಿಗಿಂತ ತುಸು ಎತ್ತರದಲ್ಲಿ, ಐದು ಅಡಿ ಮುಂದಕ್ಕೆ ಒಂದು ತೊಲೆ ಹಾದುಹೋಗಿತ್ತು. ಎತ್ತರಕ್ಕೆ ಎಸೆದರೆ ಚೆಂಡು ತೊಲೆಗೆ ಬಡಿಯುತ್ತಿತ್ತು. ಹಾಗಾಗಿ ಮಾರ್ಲಿಸ್ ತೊಲೆಯ ಕೆಳಗಿನಿಂದ ನೇರವಾಗಿ, ಚಕ್ಕನೆ ಎಸೆಯಲು ಕಲಿತಳು. ಜನವರಿಯ ಚಳಿಯಲ್ಲಿ ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು ದಿನಕ್ಕೆ ಇನ್ನೂರು ಸಲ ಎಸೆಯುತ್ತಿದ್ದಳು. ಕೆಳಗೆ ಹಂದಿಗಳಿಗೆ ಮೇವು ಹಾಕುತ್ತಿದ್ದ ವೆರ್ಲಾಗೆ ಅಟ್ಟದ ಹಲಗೆಯ ಮೇಲೆ ಚೆಂಡು ಬೀಳುವ ಸದ್ದು ಕೇಳಿಸುತ್ತಿತ್ತು. ಧಡ್ ಧಡ್, ನಂತರ ಮೌನ. ಧಡ್ ಧಡ್, ಮೌನ. ಮೌನ ಅಂದರೆ ಎಸೆದಳು ಎಂದು ಅರ್ಥ.

ಸಾವಿರದ ಒಂಬೈನೂರ ಎಪ್ಪತ್ತಮೂರರ ಮಾರ್ಚ್‌ನಲ್ಲಿ ಲೀರ್‌ಗ್ರೋವ್ ತಂಡ ಡಿಮಾಯಿನ್ ನಗರದ ರಾಜ್ಯ ಪಂದ್ಯಾವಳಿಗೆ ಹೋಯಿತು. ಊರಿನ ಜನಸಂಖ್ಯೆ ಆರುನೂರ ಹತ್ತು. ಅಂದು ಅದರಲ್ಲಿ ಆರುನೂರು ಜನ ಆ ದೊಡ್ಡ ಸಭಾಂಗಣದಲ್ಲಿದ್ದರು. ಉಳಿದ ಹತ್ತು ಮಂದಿ ಹಾಲು ಕರೆಯಲು ಹಿಂದೆ ನಿಂತವರು. ಅವರೂ ರೇಡಿಯೋ ಹಾಕಿಕೊಂಡಿದ್ದರು. ಆ ಎಪ್ಪತ್ತನಾಲ್ಕರ ಆಟ ಇದೇ; ಮಾರ್ಲಿಸ್ ಹಾಕುತ್ತಲೇ ಹೋದಳು. ಕೊನೆಯ ಹನ್ನೊಂದು ಸೆಕೆಂಡು ಉಳಿದಾಗ ಲೀರ್‌ಗ್ರೋವ್ ತೊಂಬತ್ತೇಳು, ಎದುರಾಳಿ ಕೇಸ್‌ಫೀಲ್ಡ್ ತೊಂಬತ್ತಾರು. ಚೆಂಡು ಕೇಸ್‌ಫೀಲ್ಡಿನ ಫಾರ್ವರ್ಡ್ ಒಬ್ಬಳ ಕೈಯಲ್ಲಿತ್ತು. ಅವಳು ವೆರ್ಲಾಗಿಂತ ಏಳು ಇಂಚು ಎತ್ತರ. ವೆರ್ಲಾ ಮಾಡಬೇಕಾದದ್ದನ್ನೆಲ್ಲ ಮಾಡಿದಳು: ಕಾಲು ಅಗಲಿಸಿದಳು, ಕೈ ಎತ್ತಿದಳು, ಮೋಸದ ಮೊದಲ ಹೆಜ್ಜೆಗೆ ಮೋಸಹೋಗಲಿಲ್ಲ. ಆ ಹುಡುಗಿ ಅವಳ ಬೆರಳುಗಳ ಮೇಲಿನಿಂದ ಎಸೆದಳು. ಬಿತ್ತು.

ಗೆರೆಗೆ ಬೂಟು ತಾಗಿಸಿ ನಿಂತಿದ್ದ ಮಾರ್ಲಿಸಳ ಮುಖವನ್ನು ವೆರ್ಲಾ ಆಗ ನೋಡಿದಳು. ಸೋತ ಮುಖವಲ್ಲ ಅದು. ಕಿಟಕಿಯ ಒಳಗಿನಿಂದ ಹೊರಗೆ ಬಿದ್ದವರನ್ನು ನೋಡುವ ಮುಖ.

"ನಾನ್ ಈ ಕಡೆ ಇದ್ದಿದ್ರೆ ಏನಾದ್ರೂ ಮಾಡ್ತಿದ್ದೆ," ಎಂದಳು ಮಾರ್ಲಿಸ್ ಬಟ್ಟೆ ಬದಲಿಸುವ ಕೋಣೆಯಲ್ಲಿ.

"ಏನ್ ಮಾಡ್ತಿದ್ದೆ?"

ಮಾರ್ಲಿಸ್ ಬೂಟಿನ ದಾರ ಬಿಚ್ಚಿದಳು. "ಗೊತ್ತಿಲ್ಲ," ಎಂದಳು.

ಊರಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಧಾನ್ಯದ ಸೊಸೈಟಿಯ ಮ್ಯಾನೇಜರ್ ಎಲ್ಮರ್ ಬೋಲೆನ್ ಕೆಫೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ಎಪ್ಪತ್ನಾಲ್ಕು ಹಾಕಿದ್ಮೇಲೂ ಸೋಲೋದು ಅಂದ್ರೆ! ಗಾರ್ಡ್‌ಗಳು ಏನ್ಮಾಡ್ತಿದ್ರಪ್ಪ, ಜೋಳ ಸುಲೀತಿದ್ರಾ?" ಅವನ ಬೆನ್ನ ಹಿಂದಿನ ಮೇಜಿನಲ್ಲೇ ವೆರ್ಲಾ ಕೂತಿದ್ದಳು. ತಿರುಗಿ ನೋಡಿದ ಎಲ್ಮರ್ ಕೆಂಪಾಗಿ, "ನಿನಗಲ್ಲಮ್ಮ ಹೇಳಿದ್ದು, ಉಳಿದಿಬ್ಬರಿಗೆ" ಎಂದ.

ಹಾರ್ಮ್ ಅದನ್ನು ಬೇರೆ ರೀತಿ ನೋಡಿದ. ಲೋಟದ ತಳದಲ್ಲಿ ಕಲ್ಲುಸಕ್ಕರೆ ಇಟ್ಟು, ಅದರ ಮೇಲೆ ಬಿಸಿ ಚಹಾ ಸುರಿದು, ಸಕ್ಕರೆ ಚಿಟಿಚಿಟಿ ಸಿಡಿಯುವುದನ್ನು ಕೇಳಿಸಿಕೊಂಡು, ಆಮೇಲೆ ಮಾತಾಡಿದ. "ಅವ್ಳು ಅವಳ್ ಪಾಲು ಮಾಡಿದ್ಲು. ನೀನ್ ನಿನ್ ಪಾಲು ಮಾಡ್ದೆ. ಎರಡೂ ಸೇರಿ ಒಂದ್ ಅಂಕ ಕಮ್ಮಿ ಬಿತ್ತು. ಚಹಾ ಕುಡಿ."

ಮರುವರ್ಷ ವೆರ್ಲಾ ಶಾಲೆ ಮುಗಿಸಿ, ನೆರೆಯ ಜಮೀನಿನ ಡ್ವೇನ್‌ನೊಂದಿಗೆ ಮದುವೆಗೆ ಒಪ್ಪಿಕೊಂಡಿದ್ದಳು. ಮಾರ್ಲಿಸ್ ಕೊನೆಯ ವರ್ಷ ಆಟಕ್ಕೆ ಸರಾಸರಿ ಅರವತ್ತಮೂರು ಹಾಕಿದಳು. ಡಿಮಾಯಿನ್ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಆ ಚಿತ್ರವನ್ನು ಕತ್ತರಿಸಿ ಕೈಯಲ್ಲಿ ಹಿಡಿದುಕೊಂಡೇ ಮಿಸ್ ಹೋಲ್ಕಂಬ್ ಏಪ್ರಿಲ್‌ನಲ್ಲಿ ಓಲ್ಟಾಫ್‌ರ ಅಡುಗೆಮನೆಗೆ ಬಂದರು. ನೆರೆ ರಾಜ್ಯ ಮಿಸೌರಿಯ ಒಂದು ಸಣ್ಣ ಕಾಲೇಜಿನ ಕೋಚ್ ಅವರು. ಆಡುವ ಹುಡುಗಿಯರನ್ನು ಶುಲ್ಕವಿಲ್ಲದೆ ಸೇರಿಸಿಕೊಳ್ಳಲು ಆ ಕಾಲೇಜಿಗೆ ಅದೇ ಮೊದಲ ಸಲ ಅವಕಾಶ ಸಿಕ್ಕಿತ್ತು. ಅಲ್ಲಿಯ ಆಟ ಗಂಡಸರ ಆಟದಂತೆಯೇ: ಐದು ಜನ, ಇಡೀ ಅಂಕಣ, ಎಲ್ಲರೂ ಹಾಕಬೇಕು, ಎಲ್ಲರೂ ತಡೆಯಬೇಕು.

"ಇವ್ಳಿಗೆ ತಡೆಯೋದು ಬರಲ್ಲ," ಎಂದ ಹಾರ್ಮ್. ಹಸು ಮಾರುವಾಗಲೂ ಅದರ ಕುಂಟು ಕಾಲನ್ನು ಮೊದಲು ತೋರಿಸುವ ಮನುಷ್ಯ ಅವನು.

"ಅದನ್ನ ಕಲಿಸ್ಬಹುದು ಮಿಸ್ಟರ್ ಓಲ್ಟಾಫ್. ಬುಟ್ಟಿಗೆ ಹಾಕೋ ಕೈ ಇದೆಯಲ್ಲ, ಅದನ್ನ ಕಲಿಸೋಕಾಗಲ್ಲ."

ವೆರ್ಲಾ ಕೇಕ್ ಕತ್ತರಿಸಿ ತಂದಿಟ್ಟಳು. ಮಿಸ್ ಹೋಲ್ಕಂಬ್ ಸೌಜನ್ಯಕ್ಕೆ ಕೇಳಿದರು. "ನೀವೂ ಆಡ್ತಿದ್ರಾ?"

"ಗಾರ್ಡ್."

"ಓ," ಎಂದು ಅವರು ಕೇಕ್ ತೆಗೆದುಕೊಂಡರು.

ಮಾರ್ಲಿಸ್ ಹೊರಡುವ ದಿನ ನಗುತ್ತಿದ್ದಳು. ಓದಿನಲ್ಲಿ ಅವಳಿಗೆ ಅಷ್ಟಕ್ಕಷ್ಟೆ ಆಸಕ್ತಿ. ಜಮೀನಿನ ಕೆಲಸ ಬರುತ್ತಿತ್ತು, ಬೇಕಿರಲಿಲ್ಲ. ಚೆಂಡು ಬೇಕಿತ್ತು. ಹೈಸ್ಕೂಲು ಮುಗಿಸಿದ ಆಯೋವಾದ ಹುಡುಗಿಗೆ ಚೆಂಡು ಅಲ್ಲಿಗೇ ಮುಗಿಯುತ್ತಿತ್ತು. ಹದಿನೆಂಟನೇ ವಯಸ್ಸಿಗೆ ಬೂಟು ತೆಗೆದು ಕಪಾಟಿನಲ್ಲಿಡುವುದು ಅಲ್ಲಿಯ ವಾಡಿಕೆ. ಅವಳೊಬ್ಬಳು ಬೂಟನ್ನು ಪೆಟ್ಟಿಗೆಗೆ ತುಂಬಿಕೊಂಡಳು.

ಅಷ್ಟರಲ್ಲಿ ಡ್ವೇನ್‌ನನ್ನು ಮದುವೆಯಾಗಿ ಪಕ್ಕದ ಜಮೀನಿಗೆ ಹೋಗಿದ್ದ ವೆರ್ಲಾಗೆ ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ತಂಗಿಯ ಫೋನ್ ಬರುತ್ತಿತ್ತು. ಮೊದಲ ತಿಂಗಳು ಹಾಸ್ಟೆಲಿನ ಊಟದ ಸುದ್ದಿ. ಎರಡನೇ ತಿಂಗಳು ಅಭ್ಯಾಸ ಶುರುವಾಯಿತು.

"ಇವತ್ತು ಒಂದ್ ತಮಾಷೆ ಆಯ್ತು ವೆರ್ಲಾ," ಎಂದಳು ಮಾರ್ಲಿಸ್. "ನಾವೆಲ್ಲ ಓಡ್ತಾ ಇದ್ವಿ. ನಾನು ನಡುಗೆರೆ ಹತ್ರ ಬಂದು ನಿಂತ್ಬಿಟ್ಟೆ."

"ಯಾಕೆ?"

"ಯಾಕೆ ಅಂದ್ರೆ? ಗೆರೆ ಇತ್ತಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮುಂದಿನ ಭಾನುವಾರ ಮತ್ತೆ ನಿಂತಳಂತೆ. ಅದರ ಮುಂದಿನ ವಾರ ತಂಡದ ಹುಡುಗಿಯರು ಅವಳಿಗೆ 'ಸಿಗ್ನಲ್' ಎಂದು ಹೆಸರಿಟ್ಟರಂತೆ. ಆಮೇಲೆ ನಗು ಕಡಿಮೆಯಾಯಿತು. ನವೆಂಬರ್ ಕೊನೆಗೆ ಮಾರ್ಲಿಸ್ ಹೇಳಿದ್ದು ಇಷ್ಟು: "ನಾನ್ ಕಾಯ್ಬೇಕಾದ ಹುಡುಗಿ ನನ್ ಪಕ್ಕದಿಂದ ಹೋಗ್ತಾಳೆ. ಅವಳು ಹೋದ್ಮೇಲೆ ನನಗೆ ಗೊತ್ತಾಗುತ್ತೆ, ಓ, ಹೋದ್ಲು ಅಂತ. ಬುಟ್ಟಿಗೆ ಬೆನ್ನು ಕೊಟ್ಟು ನಾನು ಯಾವತ್ತು ನಿಂತಿದ್ದೆ ಹೇಳು? ನನ್ ಜನ್ಮದಲ್ಲೇ ಇಲ್ಲ. ಬೆನ್ನ ಹಿಂದೆ ಯಾರೋ ಕೋಣೆಗೆ ಬಂದ ಹಾಗೆ ಆಗುತ್ತೆ."

"ಕೋಚ್ ಏನಂತಾರೆ?"

"ಫೆಬ್ರವರಿ ಕೊನೆವರೆಗೂ ನೋಡ್ತೀನಿ ಅಂದಿದಾರೆ. ಆಮೇಲೆ ಮುಂದಿನ ವರ್ಷಕ್ಕೆ ಯಾರ್ ಇರ್ಬೇಕು, ಯಾರ್ ಬೇಡ ಅಂತ ಬರೆದು ಕೊಡ್ಬೇಕಂತೆ."

ವೆರ್ಲಾ ಫೋನ್ ಇಟ್ಟಳು. ಮಾರ್ಲಿಸಳಿಗೆ ಬೇಕಾದದ್ದು ಪ್ರಪಂಚದಲ್ಲಿ ಒಂದೇ ಒಂದು, ಅದು ಜಾರಿ ಹೋಗುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಏನು ಬೇಕೋ ಅದು ಮಾತ್ರ ವೆರ್ಲಾಳ ಕಾಲುಗಳಲ್ಲಿ, ಬೆನ್ನಿನಲ್ಲಿ, ಮೊಣಗಂಟಿನಲ್ಲಿ ಇತ್ತು. ಒಂದು ಬುಟ್ಟಿ ಮೊಟ್ಟೆಯಂತೆ ಅದನ್ನು ಎತ್ತಿಕೊಟ್ಟುಬಿಡಲು ಆಗುವಂತಿದ್ದರೆ ಎನಿಸಿತು.

ಕ್ರಿಸ್ಮಸ್ ರಜೆಗೆ ಮಾರ್ಲಿಸ್ ಬಂದಳು. ಹನ್ನೊಂದು ದಿನ ಬೆಳಗಿನ ಕೆಲಸ ಮುಗಿಸಿ ಇಬ್ಬರೂ ಹುಲ್ಲಟ್ಟ ಹತ್ತಿದರು. ವೆರ್ಲಾ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, "ದಾಟು. ನಲವತ್ತು ಸಲ" ಎಂದಳು. ಮೊದಲ ದಿನ ಪ್ರತಿ ಸಲವೂ ಮಾರ್ಲಿಸಳ ಕಾಲು ಗೆರೆಯ ಹತ್ತಿರ ಒಂದು ಕ್ಷಣ ತಡವರಿಸಿತು. ಐದನೇ ದಿನಕ್ಕೆ ತಡವರಿಸುವುದು ನಿಂತಿತು.

"ಚೆಂಡು ನೋಡ್ಬೇಡ," ಎಂದಳು ವೆರ್ಲಾ.

"ಮತ್ತೇನ್ ನೋಡ್ಲಿ?"

"ನನ್ ಹೊಕ್ಕುಳು ನೋಡು. ಕಣ್ಣು ಸುಳ್ಳು ಹೇಳುತ್ತೆ, ಭುಜ ಸುಳ್ಳು ಹೇಳುತ್ತೆ, ಚೆಂಡಂತೂ ಬರೀ ಸುಳ್ಳು. ಹೊಕ್ಕುಳು ಎಲ್ಲಿ ಹೋಗುತ್ತೋ ಅವಳು ಅಲ್ಲೇ ಹೋಗ್ಬೇಕು."

"ಮೂರ್ ಸ್ವೆಟರ್ ಹಾಕಿದೀಯ. ಎಲ್ಲಿ ಅಂತ ಹುಡುಕ್ಲಿ ನಿನ್ ಹೊಕ್ಕುಳು?"

"ಹುಡುಕೋದೇ ಕೆಲಸ. ಕೂತ್ಕೋ. ಇನ್ನೂ ಕೆಳಗೆ. ಕುರ್ಚಿ ಇದೆ ಅಂದ್ಕೊ."

"ಕುರ್ಚಿ ಇಲ್ವಲ್ಲ."

"ಇಲ್ಲ ಅಂತ ನಂಗ್ ಗೊತ್ತಿಲ್ವಾ? ನೀನು ಪತ್ರಿಕೆಗೆ ಫೋಟೋ ತೆಗೆಸ್ಕೊಳ್ತಿದ್ದಾಗ ನಾನು ಇಲ್ಲದ ಕುರ್ಚಿ ಮೇಲೇ ಕೂತಿದ್ದೆ."

ಮಾರ್ಲಿಸ್ ಕೂತ ಭಂಗಿಯಿಂದ ಎದ್ದಳು. "ನಿಂಗೆ ಬೇಜಾರಿತ್ತಾ?"

"ಕೂತ್ಕೋ ಅಂದೆ."

ವೆರ್ಲಾ ಎದುರಾಳಿಯಾದಳು. ಎರಡು ಸಲ ಪುಟಿಸಿ ಎಡಕ್ಕೆ ನುಗ್ಗಿದಳು, ಎರಡು ಸಲ ಪುಟಿಸಿ ಬಲಕ್ಕೆ ನುಗ್ಗಿದಳು. ಹತ್ತು ಸಲ ನುಗ್ಗಿ, ಎಷ್ಟು ಸಲ ಮಾರ್ಲಿಸ್ ತಡೆದಳೆಂಬುದನ್ನು ಕಂಬದ ಮೇಲೆ ಬರೆದಳು. ಮೊದಲ ದಿನ ಸೊನ್ನೆ. ನಾಲ್ಕನೇ ದಿನ ಒಂದು. ಹನ್ನೊಂದನೇ ದಿನ ನಾಲ್ಕು. ನಾಲ್ಕನೆಯದನ್ನು ತಡೆದಾಗ ಮಾರ್ಲಿಸ್ ಹುಲ್ಲಿನ ಪೆಂಡಿಯ ಮೇಲೆ ಅಂಗಾತ ಬಿದ್ದು, "ಇದು ಎಪ್ಪತ್ನಾಲ್ಕಕ್ಕಿಂತ ಕಷ್ಟ ಕಣೆ" ಎಂದಳು.  ಇಷ್ಟು ವರ್ಷದಲ್ಲಿ ವೆರ್ಲಾಗೆ ಯಾರೂ ಹೇಳಿರದ ಮಾತು ಅದು. ಅವಳು ಚೆಂಡನ್ನು ರಿಂಗಿನ ಕಡೆ ಎಸೆದಳು. ಅದು ತೊಲೆಗೆ ಬಡಿದು, ಹಳೆಯ ಧೂಳು ಇಬ್ಬರ ತಲೆಯ ಮೇಲೂ ಉದುರಿತು.

"ಮೊಣಕೈ ಒಳಗ್ ತಗೋ," ಎಂದಳು ಮಾರ್ಲಿಸ್ ಮಲಗಿದಲ್ಲಿಂದಲೇ.

"ನಂದೇನ್ ಬಿಡು. ಏಳು, ಇನ್ನೊಂದ್ ಸಲ."

ಫೆಬ್ರವರಿಯ ಕೊನೆಯ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕಾಲೇಜಿನ ಆ ವರ್ಷದ ಕಡೆಯ ಆಟ. ಡ್ವೇನ್‌ನ ಹಂದಿಗಳು ಮರಿ ಹಾಕುವ ವಾರವಾದ್ದರಿಂದ ಅವನು ಬರುವಂತಿರಲಿಲ್ಲ. ವೆರ್ಲಾಗೆ ಆಗ ನಾಲ್ಕನೇ ತಿಂಗಳು. ಹಾರ್ಮ್ ಬೆಳಗಿನ ಜಾವಕ್ಕೇ ಪಿಕಪ್ ತೆಗೆದ. ಐದು ಗಂಟೆಯ ದಾರಿ. ಹ್ಯಾಮ್ ಇಟ್ಟ ಬ್ರೆಡ್ಡು ತಿನ್ನುತ್ತ, ಮಂಜು ಹೊದ್ದ ಹೊಲಗಳನ್ನು ನೋಡುತ್ತ ಹೋದರು. ಮಾರ್ಲಿಸ್ ಆ ವರ್ಷ ಹೆಚ್ಚು ಹೊತ್ತು ಬೆಂಚಿನ ಮೇಲೇ ಕೂತಿದ್ದಳು. ಆದರೆ ಜನವರಿಯಿಂದ ಕೋಚ್ ಅವಳನ್ನು ಆಗಾಗ ಐದೈದು ನಿಮಿಷ ಇಳಿಸತೊಡಗಿದ್ದರು. "ಸ್ವಲ್ಪ ಪರವಾಗಿಲ್ಲ ಅಂದ್ರು ಕೋಚ್," ಎಂದು ಹೋದ ಭಾನುವಾರ ಫೋನಿನಲ್ಲಿ ಹೇಳಿದ್ದಳು. ಆ 'ಸ್ವಲ್ಪ'ವನ್ನು ವೆರ್ಲಾ ಐದು ಗಂಟೆಯೂ ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದಳು.

ಆಟದ ಕೋಣೆಯಲ್ಲಿ ಮುನ್ನೂರು ಜನ ಇದ್ದಿರಬಹುದು.

"ನಮ್ ಚರ್ಚಿನ ಊಟಕ್ಕೆ ಇದಕ್ಕಿಂತ ಜಾಸ್ತಿ ಜನ ಬರ್ತಾರೆ," ಎಂದ ಹಾರ್ಮ್.

ಆಟ ಮುಗಿಯಲು ಆರು ನಿಮಿಷವಿರುವಾಗ ಕಾಲೇಜಿನ ಇಬ್ಬರು ಹುಡುಗಿಯರು ಐದೈದು ತಪ್ಪು ಮಾಡಿ ಹೊರಬಿದ್ದರು. ಮಿಸ್ ಹೋಲ್ಕಂಬ್ ಬೆಂಚಿನ ಉದ್ದಕ್ಕೂ ಕಣ್ಣಾಡಿಸಿದರು. ಮಾರ್ಲಿಸ್ ಎದ್ದಳು.

ಮೂರು ಸಲ ಎಸೆದಳು, ಮೂರೂ ಬಿದ್ದವು. ಸುತ್ತಲಿನವರು "ಯಾರಪ್ಪ ಇವಳು?" ಎಂದು ಕೇಳಿಕೊಂಡರು. ಹಾರ್ಮ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ವೆರ್ಲಾ ಅವಳ ಕೈ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮಾರ್ಲಿಸ್ ನಡುಗೆರೆಯ ಹತ್ತಿರ ಬಂದಳು, ದಾಟಿದಳು. ಮತ್ತೆ ಬಂದಳು, ದಾಟಿದಳು. ಪ್ರತಿ ಸಲ ವೆರ್ಲಾಳ ಉಸಿರು ಗೆರೆಯ ಮೇಲೆ ಒಮ್ಮೆ ಸಿಕ್ಕಿಕೊಂಡು ಬಿಡುತ್ತಿತ್ತು.

ಹತ್ತೊಂಬತ್ತು ಸೆಕೆಂಡು ಉಳಿದಾಗ ಕಾಲೇಜಿಗೆ ಐವತ್ತೆರಡು, ಎದುರಾಳಿಗೆ ಐವತ್ತೊಂದು. ಚೆಂಡು ಎದುರಾಳಿಯದು. ಮಾರ್ಲಿಸಳ ಪಾಲಿಗೆ ಬಂದವಳು ಹನ್ನೆರಡನೇ ನಂಬರಿನ ಹುಡುಗಿ, ಗಿಡ್ಡ, ಚುರುಕು.

ವೆರ್ಲಾ ಎದ್ದು ನಿಂತಳು. "ಹೊಕ್ಕುಳು!" ಎಂದು ಕೂಗಿದಳು. "ಮಾರ್ಲಿಸ್! ಹೊಕ್ಕುಳು ನೋಡು!"

ಮುಂದಿನ ಸಾಲಿನ ಹೆಂಗಸೊಬ್ಬಳು ಹಿಂತಿರುಗಿ ನೋಡಿದಳು.

"ಕೂತ್ಕೋ! ಕುರ್ಚಿ! ಎಡಕ್ಕೆ ಬರ್ತಾಳೆ, ಎಡಕ್ಕೆ!"

ಹನ್ನೆರಡನೇ ನಂಬರಿನವಳು ಬಲಕ್ಕೆ ಭುಜ ಹಾಕಿ ಎಡಕ್ಕೆ ತಿರುಗಿದಳು. ಮಾರ್ಲಿಸ್ ಭುಜಕ್ಕೆ ಮೋಸಹೋಗಲಿಲ್ಲ. ಅವಳು ಎಡಕ್ಕೇ ಇದ್ದಳು, ಇಲ್ಲದ ಕುರ್ಚಿಯ ಮೇಲೆ ಕೂತು. ಆ ಹುಡುಗಿ ಗಾಬರಿಯಾಗಿ ಚೆಂಡನ್ನು ಬೇರೆಯವಳಿಗೆ ಎಸೆಯಲು ಹೋದಳು. ಮಾರ್ಲಿಸಳ ಉದ್ದನೆಯ ಕೈ ನಡುವೆ ಬಂತು. ಚೆಂಡು ಅವಳದಾಯಿತು.

ವೆರ್ಲಾ ತನ್ನ ಜೀವನದಲ್ಲಿ ಅಷ್ಟು ಜೋರಾಗಿ ಕಿರುಚಿರಲಿಲ್ಲ. ಮಾರ್ಲಿಸ್ ಓಡಿದಳು. ಮುಂದೆ ಯಾರೂ ಇಲ್ಲ, ಇಡೀ ಅಂಕಣ ಖಾಲಿ. ಒಂದು ಸಲ ಪುಟಿಸಿದಳು. ಎರಡು ಸಲ ಪುಟಿಸಿದಳು. ನಡುಗೆರೆ ಒಂದು ಹೆಜ್ಜೆ ಮುಂದಿರುವಾಗ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

ಸುತ್ತಲಿನ ಮುನ್ನೂರು ಜನ "ಓಡು! ಓಡು!" ಎಂದು ಬೊಬ್ಬೆ ಹಾಕಿದರು.

ವೆರ್ಲಾ ಬೊಬ್ಬೆ ಹಾಕಲಿಲ್ಲ. ಆ ಒಂದು ಕ್ಷಣ ಏನೋ ತಪ್ಪಾಗಿದೆ ಎಂದು ಅವಳಿಗೆ ಅನಿಸಲೇ ಇಲ್ಲ. ಎಸೆದ ಚೆಂಡನ್ನು ನಡುವೆ ಹಿಡಿದು, ಎರಡು ಸಲ ಪುಟಿಸಿ, ಗೆರೆಯ ಹತ್ತಿರ ಬಂದು, ಆಚೆ ಇರುವ ಫಾರ್ವರ್ಡ್‌ಗೆ ಎಸೆಯುವುದು: ಅವಳೇ ಸಾವಿರ ಸಲ ಮಾಡಿದ್ದು ಅದನ್ನೇ. ಪಕ್ಕದಲ್ಲಿ ಹಾರ್ಮ್ ಕೂಡ ಸಮಾಧಾನದಿಂದ ತಲೆಯಾಡಿಸುತ್ತಿದ್ದ. ಮಾರ್ಲಿಸ್ ಗೆರೆಯ ಆಚೆ ಫಾರ್ವರ್ಡ್‌ಗಾಗಿ ಹುಡುಕಿದಳು, ವೆರ್ಲಾಳೂ ಹುಡುಕಿದಳು. ಅಲ್ಲಿ ಯಾರೂ ಇರಲಿಲ್ಲ. ಇರಬೇಕಾಗಿದ್ದವಳು ಮಾರ್ಲಿಸಳೇ.

ಅದು ಹೊಳೆಯುವಷ್ಟರಲ್ಲಿ ಹನ್ನೆರಡನೇ ನಂಬರಿನವಳು ಹಿಂದಿನಿಂದ ಓಡಿ ಬಂದು ಆ ಎರಡು ಕೈಗಳ ನಡುವಿನಿಂದ ಚೆಂಡನ್ನು ಕಿತ್ತುಕೊಂಡಳು. ಮಾರ್ಲಿಸ್ ಕೈ ಬಿಗಿ ಮಾಡಿರಲಿಲ್ಲ. ಕೈಯಲ್ಲಿದ್ದ ಚೆಂಡನ್ನು ಯಾರಾದರೂ ಕಿತ್ತುಕೊಳ್ಳುತ್ತಾರೆಂದು ಆಯೋವಾದಲ್ಲಿ ಬೆಳೆದ ಯಾರಿಗೆ ತಾನೆ ಹೊಳೆಯಬೇಕು? ಸೀಟಿ ಊದುತ್ತಾರೆಂದು ಅವಳು ರೆಫರಿಯ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಹಿಂದೆ ಬುಟ್ಟಿಗೆ ಚೆಂಡು ಬಿದ್ದಿತ್ತು.

ಎದುರಾಳಿಗೆ ಐವತ್ತಮೂರು, ಕಾಲೇಜಿಗೆ ಐವತ್ತೆರಡು. ಆಟ ಮುಗಿಯಿತು.

ವೆರ್ಲಾ ಕೂತಳು. ಹನ್ನೊಂದು ದಿನ ಅವಳು ಗೆರೆ ದಾಟಿಸಿದ್ದಳು, ಕೂರಿಸಿದ್ದಳು, ಹೊಕ್ಕುಳು ಹುಡುಕಿಸಿದ್ದಳು. ಮೂರನೇ ಸಲ ಪುಟಿಸು ಎಂದು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವುದು ಹೇಗೆ? ಮೂರನೆಯದೊಂದು ಇದೆ ಎಂಬುದು ಅವಳ ಕೈಗೂ ಗೊತ್ತಿರಲಿಲ್ಲ.

ಜನ ಚೆದುರಿದ ಮೇಲೆ ಮಿಸ್ ಹೋಲ್ಕಂಬ್ ಮೆಟ್ಟಿಲು ಹತ್ತಿ ಬಂದರು. ಮುಖ ಸೋತಿತ್ತು, ಸಿಟ್ಟಿರಲಿಲ್ಲ.

"ಮೇಲಿಂದ ಕೂಗ್ತಿದ್ದೋರು ನೀವೇನಾ?"

"ಹೌದು. ಕ್ಷಮಿಸಿ."

"ಎಡಕ್ಕೆ ಬರ್ತಾಳೆ ಅಂತ ಅವಳು ತಿರುಗೋ ಮೊದಲೇ ಹೇಳಿದ್ರಿ. ಹೇಗ್ ಗೊತ್ತಾಯ್ತು?"

"ಗೊತ್ತಾಗುತ್ತೆ," ಎಂದಳು ವೆರ್ಲಾ. 

ಮಿಸ್ ಹೋಲ್ಕಂಬ್ ಪಕ್ಕದಲ್ಲಿ ಕೂತರು. "ಜನವರಿಯಿಂದ ಮಾರ್ಲಿಸ್ ತಡೀತಿರೋದು ನೋಡಿ ಯಾರೋ ಕಲಿಸಿದಾರೆ ಅಂದ್ಕೊಂಡೆ. ಅವತ್ತು ನಿಮ್ ಅಡುಗೆಮನೇಲಿ ಕೂತು ಕೇಕ್ ತಿಂದು ಎದ್ದು ಬಂದ್ಬಿಟ್ಟೆ. ನಾನು ಬರೀ ಅಂಕ ಓದ್ತೀನಿ. ಗಾರ್ಡ್‌ಗೆ ಪತ್ರಿಕೇಲಿ ಅಂಕವೇ ಇರಲ್ಲ." ಅವರು ವೆರ್ಲಾಳ ಕಡೆ ತಿರುಗಿದರು. "ನಿಮಗೆ ಹತ್ತೊಂಬತ್ತೇ ಅಲ್ವಾ? ಸೆಪ್ಟೆಂಬರ್‌ನಲ್ಲಿ ಬರ್ತೀರಾ? ಬುಟ್ಟಿಗೆ ಹಾಕೋಕೆ ಬರದಿದ್ರೂ ಪರವಾಗಿಲ್ಲ."

ವೆರ್ಲಾ ಕೋಟಿನ ಗುಂಡಿ ಬಿಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಮಿಸ್ ಹೋಲ್ಕಂಬ್ ನೋಡಿ, ತಲೆ ತಗ್ಗಿಸಿ, "ಸರಿ" ಎಂದರು.

"ಮಾರ್ಲಿಸ್ ಜಾಗ?" ಎಂದು ಕೇಳಿದ ಹಾರ್ಮ್.

"ಅವಳಿಗೆ ಇನ್ನೂ ಎರಡು ವರ್ಷ ಸಿಕ್ಕಿದ್ರೆ ಆಗ್ತಿತ್ತು, ಮಿಸ್ಟರ್ ಓಲ್ಟಾಫ್. ನನ್ ಹತ್ರ ಎರಡು ವರ್ಷ ಇಲ್ಲ. ಸೋಮವಾರ ಹೆಸರು ಕೊಡ್ಬೇಕು." ಅವರು ಎದ್ದರು. "ಅವಳ ಕೈ ಬಗ್ಗೆ ನಾನು ಹೇಳಿದ್ದು ಸುಳ್ಳಲ್ಲ."

ಮಾರ್ಲಿಸ್ ಒದ್ದೆ ತಲೆಯಲ್ಲೇ ಪಿಕಪ್‌ನ ಹತ್ತಿರ ಬಂದಳು. ಹೊರಡುವ ಮೊದಲು ಮೂವರೂ ಮುಂದಿನ ಸೀಟಿನಲ್ಲೇ ಕೂತರು, ಹಾರ್ಮ್ ಎಂಜಿನ್ ಬಿಸಿಯಾಗಲೆಂದು ಚಾಲೂ ಮಾಡಿಟ್ಟ.

"ಕೋಚ್ ಏನಂದ್ರು ನಿನ್ ಹತ್ರ?" ಎಂದು ಅಕ್ಕನನ್ನು ಕೇಳಿದಳು ಮಾರ್ಲಿಸ್.

ವೆರ್ಲಾ ಎಲ್ಲವನ್ನೂ ಹೇಳಿದಳು. ಮುಚ್ಚಿಡಬೇಕೆಂದುಕೊಂಡಿದ್ದಳು, ಆಗಲಿಲ್ಲ.

ಮಾರ್ಲಿಸ್ ಗಾಜಿನ ಮೇಲಿನ ಹಬೆಯನ್ನು ತೋಳಿನಿಂದ ಒರೆಸಿದಳು. ಅದು ಮತ್ತೆ ಕಟ್ಟಿಕೊಂಡಿತು. "ಹೋಗ್ಬಹುದಿತ್ತು ನೀನು," ಎಂದಳು.

"ಹೊಟ್ಟೆ ಇಟ್ಕೊಂಡಾ?"

"ಹೆತ್ತ ಮೇಲೆ."

"ಮಗು ಯಾರ್ ನೋಡ್ತಾರೆ, ಅಪ್ಪನಾ?"

"ನಂಗೆ ಹಂದಿ ಮರಿ ನೋಡ್ಕೊಳೋಕ್ ಬರುತ್ತೆ," ಎಂದ ಹಾರ್ಮ್. ಯಾರೂ ನಗಲಿಲ್ಲ; ಅವನ ಕಣ್ಣು ತುಂಬಿದ್ದು ಇಬ್ಬರಿಗೂ ಕಂಡಿತ್ತು.

"ಚೆಂಡು ಕೈಗೆ ಬಂತಲ್ಲ," ಎಂದಳು ಮಾರ್ಲಿಸ್ ಕೊನೆಗೆ. "ಅದು ನಂಗ್ ಖುಷಿ ಆಯ್ತು. ಅದೊಂದ್ ಕ್ಷಣ." ಆಮೇಲೆ ಇಳಿದು ಹಾಸ್ಟೆಲಿನ ಕಡೆ ನಡೆದಳು. ಸೋಮವಾರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮೇ ತಿಂಗಳಲ್ಲಿ ಅವಳು ಪೆಟ್ಟಿಗೆ ಹೊತ್ತು ಲೀರ್‌ಗ್ರೋವ್‌ಗೆ ವಾಪಸಾದಳು. ಯಾಕೆ ಬಂದಳೆಂದು ಯಾರೂ ಕೇಳಲಿಲ್ಲ. ಬೇಸಿಗೆಗೆ ಬಂದಿದ್ದಾಳೆ ಎಂದುಕೊಂಡರು. ಐದು ಜನರ ಆಟದ ಸುದ್ದಿ ಆ ಊರಿಗೆ ಬರುತ್ತಿರಲಿಲ್ಲ. ಬಂದರೂ ಯಾರಿಗೂ ಬೇಕಿರಲಿಲ್ಲ.

ಜೂನ್‌ನ ಮೊದಲ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ವೆರ್ಲಾಗೆ ಎಂಟನೇ ತಿಂಗಳು. ಅವಳು ಕುರ್ಚಿಯಲ್ಲಿ ಕೂತು ಚಹಾ ಬಗ್ಗಿಸಿ ಕೊಡುತ್ತಿದ್ದಳು. ಪಕ್ಕದಲ್ಲಿ ಮಾರ್ಲಿಸ್ ತಟ್ಟೆ ಹಿಡಿದು ನಿಂತಿದ್ದಳು. ಧಾನ್ಯದ ಸೊಸೈಟಿಯ ಎಲ್ಮರ್ ಬೋಲೆನ್ ಆಲೂಗಡ್ಡೆ ತುಂಬಿದ ಬಾಯಲ್ಲೇ ಕರೆದ.

"ಏನಮ್ಮ ಮಾರ್ಲಿಸ್! ಮಿಸೌರಿಯವರಿಗೆ ಆಟ ಕಲಿಸಿ ಬಂದ್ಯಾ? ಎಷ್ಟು ಹಾಕ್ದೆ ಈ ವರ್ಷ?"

"ಮೂವತ್ತೊಂದು," ಎಂದಳು ಮಾರ್ಲಿಸ್.

"ಮೂವತ್ತೊಂದು!" ಎಲ್ಮರ್ ಚಮಚ ಕೆಳಗಿಟ್ಟ. "ಐದು ಜನರ ಆಟದಲ್ಲಿ! ಅಲ್ಲಿ ಇಡೀ ತಂಡವೇ ಐವತ್ತು ಹಾಕಲ್ಲ ಅಂತಾರೆ. ಕೇಳಿದ್ರೇನ್ರಪ್ಪ? ನಮ್ ಹುಡುಗಿ ಅಲ್ಲೂ ಆಟಕ್ಕೆ ಮೂವತ್ತೊಂದು!"

ವೆರ್ಲಾಳ ಕೈಯಲ್ಲಿ ಚಹಾದ ಕೆಟಲ್ ಇತ್ತು. ಏನಾದರೂ ಹೇಳಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಏನು ಹೇಳಿದರೂ ಅದು ತಂಗಿಗೇ ಬಡಿಯುತ್ತದೆ ಎಂದೂ ಗೊತ್ತಿತ್ತು. ಅವಳು ಮಾರ್ಲಿಸಳ ಮುಖ ನೋಡಿದಳು.

"ಇಡೀ ವರ್ಷಕ್ಕೆ," ಎಂದಳು ಮಾರ್ಲಿಸ್. ಸ್ಪಷ್ಟವಾಗಿಯೇ ಹೇಳಿದಳು. ಆದರೆ ಎಲ್ಮರ್ ಅಷ್ಟರಲ್ಲಿ ಪಕ್ಕದ ಮೇಜಿಗೆ ತಿರುಗಿಯಾಗಿತ್ತು. ಆ ಮೇಜಿನವರು ಅದರಾಚೆಯ ಮೇಜಿಗೆ ಹೇಳಿದರು. ಕಿವಿ ಮಂದವಾಗಿದ್ದ ಒಬ್ಬ ಅಜ್ಜಿಗೆ ಯಾರೋ ಜೋರಾಗಿ, "ಮೂವತ್ತೊಂದಂತೆ, ಆಟಕ್ಕೆ!" ಎಂದು ಕೂಗಿ ಹೇಳಿದರು. ಅಜ್ಜಿ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

ಯಾರೋ ಬಂದು ಮಾರ್ಲಿಸಳ ತಟ್ಟೆಗೆ ದೊಡ್ಡದೊಂದು ತುಂಡು ಹಣ್ಣಿನ ಪೈ ಹಾಕಿ, ಬೆನ್ನು ತಟ್ಟಿ ಹೋದರು. ಅವಳು ನಿಂತಲ್ಲೇ ನಿಂತು, ಎಲ್ಲರೂ ನೋಡುತ್ತಿದ್ದುದರಿಂದ, ಅದನ್ನು ಪೂರ್ತಿ ತಿಂದಳು.